ರೂಂಮೇಟ್ ಕೋಷರ್ ಹಿಡಿದಿದ್ದಾನೆ, ಅಡುಗೆಮನೆಗೇನು ಮಾಡೋದು?

ಅಮೆರಿಕಕ್ಕೆ ಓದಲು ಬಂದು ಎರಡು ತಿಂಗಳಾಯ್ತು, ಮನೆಯಲ್ಲಿ ಏನೂ ಆಚರಿಸದೆ ಬೆಳೆದ ಯಹೂದಿ ರೂಂಮೇಟ್ ಈಗ ಕೋಷರ್ (ಯಹೂದಿಗಳ ಆಹಾರ ನಿಯಮ) ಅಂತಿದ್ದಾನೆ, ಶುಕ್ರವಾರ ರಾತ್ರಿಯ ಶಬ್ಬಾತ್ (ಅವರ ವಾರದ ವಿಶ್ರಾಂತಿ ದಿನ) ಊಟಕ್ಕೂ ಕರೀತಿದ್ದಾನೆ, ಏನು ಮಾಡಲಿ ಅಂತ ಕೇಳಿದ್ದೀರಿ. ಇಲ್ಲಿ ಇದು ಮಾಮೂಲು. ಊರಲ್ಲಿ ಸಂಧ್ಯಾವಂದನೆಗೆ ಕಳ್ಳಬಿದ್ದವನು ಇಲ್ಲಿಗೆ ಬಂದ ಮೇಲೆ ಉಪಾಕರ್ಮದ ದಿನ ಜನಿವಾರಕ್ಕೆ ಹುಡುಕಾಡುತ್ತಾನಲ್ಲ, ಹಾಗೆ.

ಜಗಳ ಶುರುವಾಗೋದು ಅಡುಗೆಮನೆಯಲ್ಲಿ. ಅಜ್ಜಿಯ ಮಡಿ-ಮುಸುರೆ ನೋಡಿದ್ದರೆ ಅರ್ಧ ಅರ್ಥವಾದಂತೆಯೇ. ಹಾಲೂ ಮಾಂಸವೂ ಬೆರೆಯಬಾರದು, ಹಾಗಾಗಿ ಹಾಲಿನದಕ್ಕೂ ಮಾಂಸಕ್ಕೂ ಬೇರೆ ಪಾತ್ರೆ, ಬೇರೆ ಚಮಚ, ಬೇರೆ ಸ್ಪಂಜು. ನೀವು ಸಸ್ಯಾಹಾರಿಯಾದರೂ ಎಡವಟ್ಟು ನಿಮ್ಮಿಂದಲೇ ಆದೀತು, ಯಾಕೆಂದರೆ ತುಪ್ಪ ಹಾಲಿನ ಲೆಕ್ಕ. ಅವನು ಕೋಳಿ ಬೇಯಿಸುವ ಪಾತ್ರೆಯಲ್ಲಿ ಬೇಳೆ ಬೇಯಿಸಿ ತುಪ್ಪದ ಒಗ್ಗರಣೆ ಸುರಿದರೆ ಪಾತ್ರೆ ಕೆಟ್ಟಂತೆ. ಸ್ಟೀಲಿನದಾದರೆ ತೊಳೆದು 24 ಗಂಟೆ ಹಾಗೇ ಬಿಟ್ಟು, ಕುದಿಯುವ ನೀರಲ್ಲಿ ಮುಳುಗಿಸಿ ಸರಿಮಾಡಿಕೊಳ್ಳಬಹುದು. ಪಿಂಗಾಣಿಗೆ ಆ ಉಪಾಯವಿಲ್ಲ. ಮಾಂಸಕ್ಕೆ ಕೆಂಪು ಟೇಪು, ಹಾಲಿಗೆ ನೀಲಿ ಅಂಟಿಸಿಕೊಳ್ಳೋದು ರೂಢಿ. ನಿಮ್ಮ ಪಾತ್ರೆ ಬೇರೆ ಶೆಲ್ಫಿನಲ್ಲಿರಲಿ. ಎಷ್ಟು ಕಟ್ಟುನಿಟ್ಟು ಅಂತ ಅವನನ್ನೇ ಕೇಳಿ. ಹೊರಗೆ ಏನಾದರೂ ತಿಂದು, ಮನೆಯೊಳಗೆ ಮಾತ್ರ ಪಾಲಿಸುವವರೂ ಇದ್ದಾರೆ.

ಪ್ಯಾಕೆಟ್ ಮೇಲೆ ವೃತ್ತದೊಳಗೆ ‘ಯು’ ಅಕ್ಷರ ಕಂಡರೆ ಅದು ಕೋಷರ್. ಪಕ್ಕದಲ್ಲಿ ‘ಡಿ’ ಇದ್ದರೆ ಹಾಲಿನದು. ‘ಪಾರ್ವೆ’ ಅಂದರೆ ಹಾಲೂ ಅಲ್ಲ, ಮಾಂಸವೂ ಅಲ್ಲ. ಹಾಗಂತ ಕಣ್ಣುಮುಚ್ಚಿ ತಿನ್ನಬೇಡಿ, ಮೊಟ್ಟೆ, ಮೀನು ಎರಡೂ ಪಾರ್ವೆಯೇ!

ಶುಕ್ರವಾರ ಧಾರಾಳವಾಗಿ ಹೋಗಿ. ಕರೆದಿರುವುದು ಹಿಲೆಲ್‌ಗೋ ಖಬಾದ್‌ಗೋ ಅಂತ ಕೇಳಿಕೊಳ್ಳಿ. ಹಿಲೆಲ್ ಯಹೂದಿ ವಿದ್ಯಾರ್ಥಿಗಳ ಸಂಸ್ಥೆ, 1923ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಎಲ್ಲ ಪಂಗಡದವರೂ ಸೇರುತ್ತಾರೆ. ಖಬಾದ್ ಅಂದರೆ ಸಂಪ್ರದಾಯಸ್ಥ ರಬ್ಬಿ (ಯಹೂದಿ ಧರ್ಮಗುರು) ದಂಪತಿಯ ಮನೆ. ಶಬ್ಬಾತ್ ಆದ್ದರಿಂದ ಅಲ್ಲಿ ಫೋನ್ ತೆಗೆಯಬೇಡಿ, ಫೋಟೊ ಬೇಡ, ರಬ್ಬಿಯ ಹೆಂಡತಿಗೆ ಗಂಡಸರು ಕೈಕುಲುಕಲು ಹೋಗಬಾರದು. ನೀವು ಮಾಡಿದ ಪುಳಿಯೋಗರೆ ಒಯ್ದರೆ ಮೇಜಿಗೆ ಬರುವುದಿಲ್ಲ, ನಿಮ್ಮ ಪಾತ್ರೆ ಕೋಷರ್ ಅಲ್ಲವಲ್ಲ. ಊಟ ಸಾಮಾನ್ಯವಾಗಿ ಮಾಂಸದ್ದಾದ್ದರಿಂದ ಮೊಸರು ಸಿಗದು. ಕ್ಯಾರೆಟ್ ತೇಲುವ ಆ ತಿಳಿ ಸೂಪು ಕೋಳಿಯದು. ದ್ರಾಕ್ಷಾರಸದ ಮೇಲೆ ಕಿದ್ದುಶ್ ಅನ್ನೋ ಪ್ರಾರ್ಥನೆ ಹೇಳಿದ ನಂತರ ಎರಡು ಹಿಡಿಯ ಚೊಂಬಿನಿಂದ ಕೈಗೆ ನೀರು ಹಾಕಿಕೊಂಡು, ಬಟ್ಟೆ ಮುಚ್ಚಿದ ಎರಡು ಹಲ್ಲಾ ಬ್ರೆಡ್ ಮುರಿದು ಬಾಯಿಗಿಡುವವರೆಗೆ ಮಾತಿಲ್ಲ. ಎಲ್ಲರೂ ಸುಮ್ಮನಾದರಲ್ಲ ಅಂತ ನಮ್ಮವರು ‘ಏನಾಯ್ತು?’ ಅನ್ನೋದು ಆಗಲೇ.

‘ನಿನ್ನ ತಾಯಿ ಯಹೂದಿಯಾ?’ ಅಂತ ಮಾತ್ರ ನೀವಾಗಿ ಕೇಳಬೇಡಿ. ಯಾರು ಯಹೂದಿ ಅನ್ನೋದಕ್ಕೆ ಸಂಪ್ರದಾಯಸ್ಥರಿಗೆ ತಾಯಿಯ ಕಡೆಯಿಂದಲೇ ಲೆಕ್ಕ. ಅಮೆರಿಕದ ಉದಾರವಾದಿ ರಿಫಾರ್ಮ್ ಪಂಗಡ 1983ರಿಂದ, ಯಹೂದಿಯಾಗಿ ಬೆಳೆದಿದ್ದರೆ ತಂದೆಯ ಕಡೆಯನ್ನೂ ಒಪ್ಪುತ್ತದೆ. ತಂದೆ ಮಾತ್ರ ಯಹೂದಿಯಾದ ಹುಡುಗನಿಗೆ ಖಬಾದ್‌ನಲ್ಲಿ ಊಟಕ್ಕೆ ಆದರ ಸಿಕ್ಕರೂ, ಪ್ರಾರ್ಥನೆಗೆ ಬೇಕಾದ ಹತ್ತು ಗಂಡಸರಲ್ಲಿ ಅವನನ್ನು ಎಣಿಸುವುದಿಲ್ಲ. ಅದು ಒಳಗೊಳಗೇ ಕೊರೆಯುವ ವಿಷಯ.

ಇನ್ನು ಮಾರ್ಚ್-ಏಪ್ರಿಲ್‌ನ ಪಾಸೋವರ್, ಹುಳಿ ಬರುವ ಗೋಧಿಯಂಥ ಧಾನ್ಯದ ಪದಾರ್ಥ ಮನೆಯಲ್ಲೇ ಇಟ್ಟುಕೊಳ್ಳದ ಯಹೂದಿ ಹಬ್ಬ. ಆಗ ಗೋಧಿ ಹಿಟ್ಟು, ರವೆ, ಶಾವಿಗೆ ಎಲ್ಲ ನಿಮ್ಮ ಕೋಣೆಗೆ ಹೋಗಲಿ. ಅಕ್ಕಿ, ಬೇಳೆಯನ್ನು ಅಶ್ಕೆನಾಜಿಗಳು (ಮಧ್ಯ, ಪೂರ್ವ ಯುರೋಪ್ ಮೂಲದ ಯಹೂದಿಗಳು) ವಾಡಿಕೆಯಂತೆ ಬಿಡುತ್ತಾರೆ, ಸೆಫಾರ್ದಿಗಳು (ಸ್ಪೇನ್ ಮೂಲದವರು) ಬಹುತೇಕ ತಿನ್ನುತ್ತಾರೆ. ಅವನು ಯಾವ ಪದ್ಧತಿ ಹಿಡಿಯುತ್ತಾನೆ ಅಂತ ಫೆಬ್ರವರಿಯಲ್ಲೇ ಕೇಳಿ, ಆಮೇಲೆ ಅಕ್ಕಿಯ 20 ಪೌಂಡ್ ಚೀಲ ತನ್ನಿ. ಇಂಗಿನ ಡಬ್ಬಿ ಓದೋದು ಮರೀಬೇಡಿ, ಅದರಲ್ಲೂ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ.