ಹೋಗುವಾಗ ಏನು ಕೊಡುತ್ತೀರಿ ಅಂತ ಮೊದಲೇ ಕೇಳು

ನಿಮ್ಹಾನ್ಸ್‌ನಲ್ಲಿ ಪಿಎಚ್‌ಡಿ ಮುಗಿಯುತ್ತಾ ಬಂತು, ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ಆದಮೇಲಿನ ಸಂಶೋಧನೆ ಕೆಲಸಕ್ಕೆ, ಅಮೆರಿಕದ ಲ್ಯಾಬ್‌ಗಳಿಗೆ ಮೇಲ್ ಹಾಕಿ ಸಾಕಾಯಿತು, ಒಬ್ಬರೂ ಉತ್ತರ ಕೊಡುತ್ತಿಲ್ಲ, ಏನು ಮಾಡಲಿ ಅಕ್ಕಾ ಅಂತ ಕೇಳಿದ್ದೀಯ. 'ರೆಸ್ಪೆಕ್ಟೆಡ್ ಸರ್' ಅಂತ ಶುರುಮಾಡಿ ಎಲ್ಲರಿಗೂ ಒಂದೇ ಮೇಲ್ ಕಳಿಸಿರುತ್ತೀಯ, ಅಲ್ವಾ? ಜರ್ನಲ್‌ಗೆ ಮೊದಲೇ ಪೇಪರ್ ಹಾಕುವ ಬಯೋಆರ್ಕೈವ್ ಸೈಟ್‌ನಲ್ಲಿ ಅವರ ಹೊಸ ಪೇಪರ್ ಓದು. ನೀನು ಬಂದರೆ ಆ ಕೆಲಸ ಹೇಗೆ ಮುಂದೆ ಹೋಗುತ್ತೆ ಅಂತ ಮೂರು ಸಾಲು ಬರೆ. ಸಾಕು.

ನಮ್ಮ ಕಡೆ ಕಲಿತ ಕೈಕೆಲಸ ಸುಮ್ನೆ ಅಲ್ಲ ತಮ್ಮಾ. ನಾನು ಬಾಲ್ಟಿಮೋರ್‌ಗೆ ಬಂದ ಹೊಸತರಲ್ಲಿ ನರಕೋಶದ ಸಣ್ಣ ಕರೆಂಟ್ ಅಳೆಯುವ ಪ್ಯಾಚ್ ರಿಗ್‌ನಲ್ಲಿ ವಿಪರೀತ ನಾಯ್ಸ್. ಕಂಪನಿಯವರನ್ನು ಕರೆಸೋಣ ಅಂತ ಎಲ್ಲರೂ ಕೂತಿದ್ದರು. ನಾನು ಅರ್ತ್ ವೈರ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಎಲೆಕ್ಟ್ರೋಡ್‌ನ ಬೆಳ್ಳಿ ತಂತಿಯನ್ನು ಉಜ್ಜಿ, ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ಕಪ್ಪಗಾಗುವ ತನಕ ಅದ್ದಿಟ್ಟೆ. ಸಂಜೆಗೆ ಸ್ಕ್ರೀನ್ ಮೇಲೆ ಟ್ರೇಸ್ ಗೆರೆ ಎಳೆದ ಹಾಗೆ ಬಂತು. ಬೆಂಗಳೂರಿನ ಕರೆಂಟ್ ಲೈನಿನ 50 ಹರ್ಟ್ಸ್ ನಾಯ್ಸ್ ಜೊತೆ ಗುದ್ದಾಡಿದವಳಿಗೆ ಇಲ್ಲಿನ 60 ಯಾವ ಲೆಕ್ಕ!

ಸಂಬಳ? ಸಂಶೋಧನೆಗೆ ದುಡ್ಡು ಕೊಡುವ ಇಲ್ಲಿನ ಸರ್ಕಾರಿ ಸಂಸ್ಥೆ ಎನ್‌ಐಎಚ್‌ನ ಪಟ್ಟಿಯಲ್ಲಿ ಹೊಸ ಪೋಸ್ಟ್‌ಡಾಕ್‌ಗಳಿಗೆ 2024ರಲ್ಲಿ ವರ್ಷಕ್ಕೆ 61,008 ಡಾಲರ್ ಇತ್ತು. ಒಬ್ಬನಿಗೆ ನಡೆಯುತ್ತೆ. ಸಂಶೋಧಕರಿಗೆ ಕೊಡುವ ಜೆ-1 ವೀಸಾ ಆದರೆ ಎರಡು ವರ್ಷ ಊರಲ್ಲಿ ಇದ್ದು ಬರಬೇಕು ಅನ್ನುವ ಷರತ್ತು ಬಿದ್ದಿದೆಯಾ ನೋಡಿಕೋ. ಚಳಿ ಅಭ್ಯಾಸವಾಗುತ್ತೆ.

ಇದಕ್ಕಿಂತ ದೊಡ್ಡದು ಒಂದಿದೆ. ಮುಂದೆ ಸ್ವಂತ ಲ್ಯಾಬ್ ಮಾಡಿದರೆ ಈ ಪ್ರಾಜೆಕ್ಟ್‌ನಲ್ಲಿ ಯಾವುದು ನನ್ನ ಜೊತೆ ಬರುತ್ತೆ ಅಂತ ಇಂಟರ್‌ವ್ಯೂನಲ್ಲೇ ಕೇಳು. ಗೈಡ್ ಹತ್ತಿರ ಹೀಗೆಲ್ಲ ಕೇಳಲು ನಮಗೆ ಬಾಯಿ ಬರುವುದಿಲ್ಲ, ಗೊತ್ತಲ್ಲ. ಇಲ್ಲಿ ಕೇಳದವರಿಗೆ ಯಾರೂ ಕೊಡುವುದಿಲ್ಲ. ವರ್ಷಗಟ್ಟಲೆ ನಾನೇ ಸಾಕಿ ಬೆಳೆಸಿದ ಇಲಿ ತಳಿ, ಅದರ ಮೇಲಿನ ಪ್ರಶ್ನೆ, ಎರಡೂ ಲ್ಯಾಬ್‌ನದ್ದು ಅಂದುಬಿಟ್ಟರು ನಮ್ಮ ಬಾಸ್. ಅದೂ ನಾನು ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕುವ ಹೊತ್ತಿಗೆ. ಪೋಸ್ಟ್‌ಡಾಕ್‌ನಿಂದ ಸ್ವಂತ ಲ್ಯಾಬ್‌ಗೆ ಹೋಗಲು ಎನ್‌ಐಎಚ್ ಕೊಡುವ ಕೆ99 ಗ್ರಾಂಟ್‌ಗೆ ನಮ್ಮಂಥ ಹೊರಗಿನವರೂ ಅರ್ಜಿ ಹಾಕಬಹುದು, ಆದರೆ ಪೋಸ್ಟ್‌ಡಾಕ್ ನಾಲ್ಕು ವರ್ಷ ದಾಟಿರಬಾರದು. ಬಾಸ್ ಪತ್ರವಿಲ್ಲದೆ ಅದು ನಡೆಯುವುದೂ ಇಲ್ಲ.

ಈಗ ಮೈಕ್ರೋಸ್ಕೋಪ್ ವಿಭಾಗ ನೋಡಿಕೊಳ್ಳುತ್ತೇನೆ. ಒಳ್ಳೆಯ ಕೆಲಸ, ಮನೆ ಇದೆ, ಕೊರತೆ ಇಲ್ಲ. ಆದರೂ ಆ ಪ್ರಶ್ನೆಯ ಮೇಲೆ ಯಾರದಾದರೂ ಪೇಪರ್ ಬಂದರೆ ಪೂರ್ತಿ ಓದಲು ಆಗುವುದಿಲ್ಲ.

ಒಪ್ಪಿಕೊಳ್ಳುವ ಮೊದಲು ಆ ಲ್ಯಾಬ್ ಬಿಟ್ಟು ಹೋದವರಿಗೆ ಫೋನ್ ಮಾಡು. ಮೇಲ್ ಬೇಡ, ಫೋನೇ ಮಾಡು. ಬರೆದು ಕೊಡಲು ಹೆದರುವ ವಿಷಯವನ್ನು ಬಾಯಲ್ಲಿ ಹೇಳುತ್ತಾರೆ.