ಪಕ್ಕದ ಬೆಡ್ಡಿನ ಮಗುವಿಗೆ ಅವತ್ತೇ ಟ್ಯೂಬ್ ತೆಗೆದರು, ನಮ್ಮ ಮಗಳಿಗೆ ಯಾಕಿಲ್ಲ?

ಪ್ರಶ್ನೆ: ನನ್ನ ಮಗಳಿಗೆ 4 ತಿಂಗಳು. ಹೃದಯದ ಕೆಳಗಿನ ಕೋಣೆಗಳ ನಡುವೆ ದೊಡ್ಡ ತೂತಿತ್ತು. ಆಪರೇಷನ್ ಆಗಿ ಇವತ್ತಿಗೆ 5 ದಿನ. ಮೂರನೇ ದಿನ ವೆಂಟಿಲೇಟರ್ ಟ್ಯೂಬ್ ತೆಗೆದಿದ್ದರು, ಬೆಳಗಾಗುವಷ್ಟರಲ್ಲಿ ಮತ್ತೆ ಹಾಕಿದರು. ಪಕ್ಕದ ಬೆಡ್ಡಿನ ಮಗುವಿಗೂ ತೂತೇ ಮುಚ್ಚಿದ್ದು, ಅದಕ್ಕೆ ಅವತ್ತು ಸಂಜೆಯೇ ತೆಗೆದರು. ನಮ್ಮ ಡಾಕ್ಟರು ಅವಸರ ಮಾಡಿದರಾ? ಇವಳಿಗೆ ಮಿಷನ್ನಿನ ಉಸಿರೇ ಅಭ್ಯಾಸವಾಗಿಬಿಡುತ್ತದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಲ್ವಾ? ಇಲ್ಲ, ಮಗು ಮಿಷನ್ನಿಗೆ ಒಗ್ಗಿಹೋಗುವುದಿಲ್ಲ. ಜಾಸ್ತಿ ದಿನ ಇದ್ದರೆ ಉಸಿರಾಟದ ಸ್ನಾಯು ಸೊರಗುತ್ತದೆ, ಅದು ನಿಜ. ಆದರೆ ಕೆಲಸ ಕೊಟ್ಟರೆ ಅದು ಚೇತರಿಸಿಕೊಳ್ಳುತ್ತದೆ. ಅಭ್ಯಾಸವಾಗುವುದು ನೋವಿಗೆ, ನಿದ್ದೆಗೆ ಕೊಡುವ ಔಷಧಿ. ಫೆಂಟನಿಲ್, ಮಿಡಜೋಲಾಮ್ ಹಲವು ದಿನ ಹೋದ ಮಕ್ಕಳಿಗೆ ಅದನ್ನು ಥಟ್ಟನೆ ನಿಲ್ಲಿಸಿದರೆ ಕೈಕಾಲು ನಡುಕ, ಮೇಲಿಂದ ಮೇಲೆ ಆಕಳಿಕೆ, ಸೀನು, ಭೇದಿ, ರಚ್ಚೆ ಎಲ್ಲ ಶುರುವಾಗುತ್ತದೆ. ಅದಕ್ಕೇ ಡೋಸ್ ಮೆಲ್ಲಗೆ ಇಳಿಸುತ್ತಾರೆ.

ಪಕ್ಕದ ಬೆಡ್ ಕಡೆ ನೋಡಬೇಡಿ ಎಂದರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಗೊತ್ತು. ಆದರೆ 'ತೂತು' ಅನ್ನುವ ಒಂದೇ ಮಾತಿನಲ್ಲಿ ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಮೇಲಿನ ಕೋಣೆಗಳ ನಡುವಿನ ತೂತು ಮುಚ್ಚಿಸಿಕೊಂಡ 4 ವರ್ಷದ ಮಗುವಿಗೆ ಆಪರೇಷನ್ ಟೇಬಲ್ ಮೇಲೆಯೇ ಟ್ಯೂಬ್ ತೆಗೆಯುವುದುಂಟು. ನಿಮ್ಮ ಮಗಳ ವಿಷಯ ಹಾಗಲ್ಲ. ಇಷ್ಟು ದಿನ ಅವಳ ಶ್ವಾಸಕೋಶಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ರಕ್ತ ನುಗ್ಗಿದೆ. ಅಂಥ ಮಕ್ಕಳಿಗೆ ಹಾಲು ಕುಡಿಯಲೂ ಆಯಾಸ, ಮೈ ಹತ್ತುವುದಿಲ್ಲ, ಸ್ನಾಯುವಿನಲ್ಲಿ ಬಲ ಇರುವುದಿಲ್ಲ. ಇದರ ಮೇಲೆ, ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್-ಲಂಗ್ ಮಿಷನ್ ಬೇರೆ. ರಕ್ತ ಅದರ ಪ್ಲಾಸ್ಟಿಕ್ ಕೊಳವೆಗಳಲ್ಲಿ ಓಡಾಡಿ ಬಂದರೆ ಮೈಯೆಲ್ಲ ಊದುತ್ತದೆ. ರೆಪ್ಪೆ ಊದಿದ್ದು ನಿಮಗೆ ಕಾಣುತ್ತದೆ, ಶ್ವಾಸಕೋಶ ನೀರು ಕುಡಿದ ಹತ್ತಿಯಂತೆ ಆಗಿರುವುದು ಕಾಣುವುದಿಲ್ಲ. ಬೆಳಿಗ್ಗೆ ಐಸಿಯುಗೆ ಬಂದ ತಕ್ಷಣ ನಾವು ಮೂತ್ರದ ಲೆಕ್ಕ ನೋಡುವುದು ಅದಕ್ಕೇ. ನೀರು ಇಳಿಯದೆ ಟ್ಯೂಬಿನ ಮಾತೇ ಇಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ವೆಂಟಿಲೇಟರ್ ಬರೀ ಶ್ವಾಸಕೋಶಕ್ಕೆ ಆಸರೆಯಲ್ಲ. ಅದು ಗಾಳಿ ಒತ್ತಿ ತುಂಬುವಾಗ ಹೃದಯದ ಎಡಭಾಗದ ಕೆಲಸವೂ ಹಗುರವಾಗುತ್ತದೆ. ಟ್ಯೂಬ್ ತೆಗೆದ ಕ್ಷಣ ಆ ಭಾರ ಪೂರ್ತಿ ಹೃದಯದ ಮೇಲೆ ಬೀಳುತ್ತದೆ. ಮೊನ್ನೆಯಷ್ಟೇ ಹೊಲಿಗೆ ಹಾಕಿಸಿಕೊಂಡ ಹೃದಯ ಅದು! ಹಾಗಾಗಿ ಟ್ಯೂಬ್ ತೆಗೆಯುವುದು ಹೃದಯಕ್ಕೂ ಒಂದು ಪರೀಕ್ಷೆ. ತಮಾಷೆ ಎಂದರೆ, ಹೃದಯದ ಕೆಳಗಿನ ಒಂದೇ ಕೋಣೆ ಸರಿಯಾಗಿ ಕೆಲಸ ಮಾಡುವ ಮಕ್ಕಳಿಗೆ ಗ್ಲೆನ್, ಫಾಂಟನ್ ಎಂಬ ಆಪರೇಷನ್ ಮಾಡುತ್ತಾರೆ, ಅವರಲ್ಲಿ ಲೆಕ್ಕ ಉಲ್ಟಾ. ಅವರಲ್ಲಿ ಶ್ವಾಸಕೋಶಕ್ಕೆ ರಕ್ತ ತಾನಾಗಿ ಹರಿದುಹೋಗಬೇಕು, ಮಿಷನ್ನಿನ ಒತ್ತಡವೇ ಅದಕ್ಕೆ ಅಡ್ಡಿ. ಅವರಿಗೆ ಬೇಗ ತೆಗೆದಷ್ಟೂ ಒಳ್ಳೆಯದು.

ತೆಗೆಯುವ ಮೊದಲು ಮಿಷನ್ ಕೊಡುವ ಉಸಿರು, ಒತ್ತಡ, ಆಕ್ಸಿಜನ್ ಎಲ್ಲವನ್ನೂ ಇಳಿಸುತ್ತಾ ಬರುತ್ತಾರೆ. ಆಮೇಲೆ ಅರ್ಧ ಗಂಟೆಯಿಂದ 2 ಗಂಟೆ ಮಗು ಹೆಚ್ಚುಕಡಿಮೆ ತಾನೇ ಉಸಿರಾಡಬೇಕು. ರಕ್ತದಲ್ಲಿ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ನೋಡುವ ಬ್ಲಡ್ ಗ್ಯಾಸ್ ಪರೀಕ್ಷೆ ಮಾಡುತ್ತಾರೆ, ನಿಜ. ಆದರೆ ನನ್ನ ಕಣ್ಣು ಮೊದಲು ಹೋಗುವುದು ಮಗುವಿನ ಮೇಲೆ. ಮೂಗಿನ ಹೊಳ್ಳೆ ಅರಳುತ್ತಿದೆಯಾ? ಪಕ್ಕೆಲುಬಿನ ಸಂದು ಒಳಗೆ ಎಳೆಯುತ್ತಿದೆಯಾ? ಹಣೆಯಲ್ಲಿ ಬೆವರಿದೆಯಾ? ಉಸಿರು ಎಳೆದಾಗ ಹೊಟ್ಟೆ ಎರಡೂ ಕಡೆ ಸಮನಾಗಿ ಏಳುತ್ತಿದೆಯಾ?

ಡಾಕ್ಟರು ಅವಸರ ಮಾಡಿದರಾ ಎಂದಿರಿ. ನಿಮ್ಮ ಮಗಳನ್ನು ನಾನು ನೋಡಿಲ್ಲ, ಹಾಗಾಗಿ ತೀರ್ಪು ಕೊಡಲಾರೆ. ಆದರೆ ಒಂದೇ ಒಂದು ಮಗುವಿಗೂ ಟ್ಯೂಬ್ ವಾಪಸ್ ಹಾಕದ ಐಸಿಯು ಇದ್ದರೆ, ಅಲ್ಲಿ ಮಕ್ಕಳನ್ನು ಸುಮ್ನೆ ಜಾಸ್ತಿ ದಿನ ಮಿಷನ್ನಿನಲ್ಲಿ ಇಡುತ್ತಿದ್ದಾರೆ ಅಂತಲೇ ನಾನು ಹೇಳುತ್ತೇನೆ. ಇನ್ನೊಂದು ದಿನ ಇರಲಿ ಎಂದರೆ ಅದಕ್ಕೂ ಬೆಲೆ ಇದೆ: ನ್ಯುಮೋನಿಯಾ ಭಯ, ಇನ್ನಷ್ಟು ನಿದ್ದೆ ಔಷಧಿ. ನೀವು ಕೇಳಬೇಕಾದ್ದು ವಾಪಸ್ ಹಾಕಲು ಕಾರಣ ಏನು ಎಂದು.

ಒಂದು ಕಾರಣ ಗಂಟಲಿನ ಊತ. ಎಳೆ ಮಗುವಿನ ಉಸಿರುನಾಳ ಸುಮಾರು 4 ಮಿಲಿಮೀಟರ್ ಅಗಲ ಎಂದುಕೊಳ್ಳಿ. ಸುತ್ತ 1 ಮಿಲಿಮೀಟರ್ ಊದಿದರೆ ಗಾಳಿಗೆ ಉಳಿಯುವ ಜಾಗ ಕಾಲು ಭಾಗ ಮಾತ್ರ. ಮಗು ಉಸಿರು ಎಳೆದಾಗ 'ಕೊರ್' ಎಂಬ ಸದ್ದು ಬರುತ್ತದೆ. ಇದು ಆಗಿದ್ದರೆ ಮುಂದಿನ ಸಲ ಮೊದಲೇ ಸ್ಟೆರಾಯ್ಡ್ ಕೊಡುತ್ತಾರೆ, ತೆಗೆದ ಮೇಲೆ ಊತ ಇಳಿಸುವ ಅಡ್ರಿನಲಿನ್ ಔಷಧಿಯನ್ನು ನೆಬ್ಯುಲೈಸ್ ಮಾಡುತ್ತಾರೆ, ಅಂದರೆ ಮಂಜಿನಂತೆ ಮಾಡಿ ಉಸಿರಿನ ಜೊತೆ ಕೊಡುತ್ತಾರೆ. ಕಫ ಕಟ್ಟಿಕೊಂಡು ಶ್ವಾಸಕೋಶದ ಒಂದು ಭಾಗ ಮುಚ್ಚಿಹೋಗಿದ್ದರೆ ಫಿಸಿಯೋಥೆರಪಿ ಬೇಕು.

ಇನ್ನೊಂದು, ವಪೆಯ ನರ. ಎದೆ ಮತ್ತು ಹೊಟ್ಟೆಯ ನಡುವಿನ ಈ ಸ್ನಾಯುವಿನ ನರ ಹೃದಯಕ್ಕೆ ಅಂಟಿಕೊಂಡಂತೆ ಹಾದುಹೋಗುತ್ತದೆ. ಆಪರೇಷನ್ನಿನಲ್ಲಿ ಅದಕ್ಕೆ ಪೆಟ್ಟಾದರೆ ಒಂದು ಕಡೆ ವಪೆ ಕೆಲಸ ಮಾಡುವುದಿಲ್ಲ. ದೊಡ್ಡವರು ಹೇಗೋ ನಿಭಾಯಿಸುತ್ತಾರೆ, ಎಳೆಗೂಸಿನ ಉಸಿರಾಟವೆಲ್ಲ ವಪೆಯದ್ದೇ. ಬೆಡ್ ಪಕ್ಕದಲ್ಲೇ ಅಲ್ಟ್ರಾಸೌಂಡ್ ಮಾಡಿದರೆ ಗೊತ್ತಾಗುತ್ತದೆ. ಒಂದು ಎಚ್ಚರ: ಮಗು ತಾನೇ ಉಸಿರು ಎಳೆಯುತ್ತಿರುವಾಗ ನೋಡಬೇಕು. ಮಿಷನ್ ಗಾಳಿ ತಳ್ಳುತ್ತಿದ್ದರೆ ಕೆಟ್ಟ ವಪೆಯೂ ಸರಿಯಿದ್ದಂತೆ ಕಾಣುತ್ತದೆ.

ಎರಡನೇ ಸಲವೂ ಟ್ಯೂಬ್ ವಾಪಸ್ ಹಾಕಬೇಕಾಗಿ ಬಂದರೆ 'ಮಗು ವೀಕ್ ಇದೆ' ಎಂಬ ಉತ್ತರಕ್ಕೆ ತಲೆಯಾಡಿಸಬೇಡಿ. ಮುಚ್ಚಿದ ತೂತಿನಲ್ಲಿ ಸೋರಿಕೆ ಇದೆಯಾ, ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಇಳಿದಿಲ್ಲವಾ ಎಂದು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ ನೋಡಿದ್ದಾರಾ, ಕೇಳಿ. ಹಾಗೆ ಕೇಳಿದರೆ ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಟ್ಯೂಬ್ ತೆಗೆದ ಮೇಲೆ ಮೂಗಿಗೆ ಹೈ ಫ್ಲೋ ಆಕ್ಸಿಜನ್ (ರಭಸವಾಗಿ ಹರಿಸುವ ಆಕ್ಸಿಜನ್) ಅಥವಾ ಸಿಪ್ಯಾಪ್ (ಒಂದೇ ಸಮನೆ ಸ್ವಲ್ಪ ಒತ್ತಡದಲ್ಲಿ ಗಾಳಿ ಕೊಡುವ ಸಾಧನ) ಹಾಕಿದರೆ ಮತ್ತೆ ಹಿಂದೆ ಹೋದರು ಅಂದುಕೊಳ್ಳಬೇಡಿ, ಅದು ಮೆಟ್ಟಿಲಿಳಿಯುವ ದಾರಿ. ಹಾಲು ಸ್ವಲ್ಪ ಹೊತ್ತು ತಡವಾಗಿಯೇ ಕೊಡುತ್ತಾರೆ. ಅಳು ಮೊದಲೆರಡು ದಿನ ಗೊಗ್ಗರಾಗಿರುತ್ತದೆ, ಕೆಲವೊಮ್ಮೆ ಸದ್ದೇ ಬರುವುದಿಲ್ಲ, ಬಾಯಿ ಮಾತ್ರ ತೆರೆದಿರುತ್ತದೆ. ವಾರ ಕಳೆದರೂ ದನಿ ಬಾರದಿದ್ದರೆ, ಇಲ್ಲವೇ ಹಾಲು ಕುಡಿಯುವಾಗೆಲ್ಲ ಕೆಮ್ಮು ಬಂದರೆ, ಧ್ವನಿತಂತುಗಳನ್ನು ಒಮ್ಮೆ ನೋಡಲು ಕಿವಿ-ಮೂಗು-ಗಂಟಲು ತಜ್ಞರನ್ನು ಕರೆಸಲು ಹೇಳಿ.