ಅಣ್ಣನ ಮೇಲೆ ಕೊಲೆಯ ಗುಮಾನಿ: ಮನೆಯವರು ಏನು ಮಾಡಬೇಕು?

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನವರು. ಪಕ್ಕದ ತೋಟದವರೊಂದಿಗೆ ಬೇಲಿಯ ವಿಚಾರಕ್ಕೆ ಹಳೆಯ ತಕರಾರಿತ್ತು. ಈಚೆಗೆ ಆ ಮನೆಯ ಯಜಮಾನರ ಶವ ಅವರ ತೋಟದಲ್ಲೇ ಸಿಕ್ಕಿತು. ಪೊಲೀಸರು ನಮ್ಮ ಅಣ್ಣನನ್ನು ಕರೆಸಿ ವಿಚಾರಿಸಿದ್ದಾರೆ. ಅಮ್ಮನಿಗೂ ಠಾಣೆಗೆ ಬರಲು ಹೇಳಿದ್ದಾರೆ. ಆ ರಾತ್ರಿ ಅಣ್ಣ ತಡವಾಗಿ ಬಂದದ್ದು ನಿಜ. ಆದರೆ ಎಂಟು ಗಂಟೆಗೇ ಉಂಡು ಮಲಗಿದ್ದನೆಂದು ಎಲ್ಲರೂ ಒಂದೇ ಮಾತು ಹೇಳಬೇಕು, ಅವನ ಜರ್ಕಿನ್ನನ್ನು ಬಚ್ಚಲ ಒಲೆಗೆ ಹಾಕಬೇಕು ಎಂದು ಚಿಕ್ಕಪ್ಪ ಹಟ ಹಿಡಿದಿದ್ದಾರೆ. ಅಮ್ಮ ಒಪ್ಪಿಬಿಟ್ಟಿದ್ದಾರೆ. ಅತ್ತಿಗೆ ಮಾತೇ ಆಡುತ್ತಿಲ್ಲ; ಅವರು ಕಾಲಿಟ್ಟ ಮೇಲೇ ಹೀಗೆಲ್ಲ ಆಯಿತೆಂದು ನೆಂಟರು ಆಡಿಕೊಳ್ಳುತ್ತಿದ್ದಾರೆ. ನಾನೇನು ಮಾಡಲಿ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ಮೊದಲು ಜರ್ಕಿನ್ನಿನ ಮಾತು. ಅದನ್ನು ಸುಡಬೇಡಿ, ಒಗೆಯಬೇಡಿ, ಬೇರೆ ಮನೆಗೂ ಸಾಗಿಸಬೇಡಿ. ಅದು ಇದ್ದಲ್ಲೇ ಇರಲಿ, ವಕೀಲರಿಗೆ ತಿಳಿಸಿ. ನಿಮ್ಮ ಅಣ್ಣ ನಿರಪರಾಧಿಯಾಗಿದ್ದರೆ ಆ ಬಟ್ಟೆ ಅವರ ಪರವಾಗಿಯೇ ಸಾಕ್ಷಿ ಹೇಳಬಹುದು, ಸುಟ್ಟರೆ ಮಾತ್ರ ಸುಟ್ಟದ್ದೇ ಅವರ ವಿರುದ್ಧ ನಿಲ್ಲುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 238ನೇ ಕಲಮಿನ ಪ್ರಕಾರ, ಕೊಲೆಯಂಥ ಅಪರಾಧ ನಡೆದಿದೆಯೆಂದು ತಿಳಿದೂ ಅಪರಾಧಿಯನ್ನು ಉಳಿಸಲು ಸಾಕ್ಷ್ಯ ನಾಶ ಮಾಡಿದವರಿಗೆ 7 ವರ್ಷಗಳವರೆಗೆ ಸೆರೆವಾಸ ಆಗಬಹುದು. ಆರೋಪಿಯನ್ನು ದೂರದ ನೆಂಟರ ಮನೆಯಲ್ಲಿ ಅಡಗಿಸಿಡುವ ಸಲಹೆಯೂ ಇಂಥ ಹೊತ್ತಿನಲ್ಲಿ ಬರುವುದುಂಟು. ಕೊಲೆ ಮಾಡಿದವನೆಂದು ಗೊತ್ತಿದ್ದೂ ಆಶ್ರಯ ಕೊಟ್ಟರೆ 249ನೇ ಕಲಮಿನಡಿ 5 ವರ್ಷಗಳವರೆಗೆ ಶಿಕ್ಷೆಯಿದೆ. ಅದರಿಂದ ವಿನಾಯಿತಿ ಇರುವುದು ಗಂಡ ಅಥವಾ ಹೆಂಡತಿಗೆ ಮಾತ್ರ. ಹೆತ್ತ ಕರುಳನ್ನು ಕಾನೂನು ಲೆಕ್ಕಕ್ಕೇ ತೆಗೆದುಕೊಂಡಿಲ್ಲವಲ್ಲ ಎಂದು ನನಗೂ ಅನ್ನಿಸಿದ್ದಿದೆ, ಆದರೆ ಇರುವುದು ಹಾಗೆಯೇ.

ಇನ್ನು ಎಲ್ಲರೂ ಒಂದೇ ಮಾತು ಹೇಳುವ ವಿಚಾರ. ಗಾಬರಿಗೊಂಡ ಮನೆಗಳು ಮೊದಲು ಮಾಡುವುದೇ ಇದನ್ನು, ಮತ್ತು ಕೆಡುವುದೂ ಇದರಿಂದಲೇ. ಉಂಡು ಮಲಗಿದ್ದನೆಂದು ನಾಲ್ವರು ಹೇಳಬಹುದು. ಆದರೆ ಬಡಿಸಿದವರು ಯಾರು, ಸಾರು ಏನಿತ್ತು, ಕರೆಂಟ್ ಇತ್ತೇ, ನಾಯಿ ಬೊಗಳಿತೇ ಎಂದು ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಿದಾಗ ನಾಲ್ಕು ಬೇರೆ ಬೇರೆ ಉತ್ತರಗಳು ಬರುತ್ತವೆ. ಮೊಬೈಲ್ ಟವರಿನ ದಾಖಲೆಯೂ ಪೇಟೆಯ ಅಂಗಡಿಯ ಸಿಸಿಟಿವಿಯೂ ಆ ಮೇಲೆ ಬರುವಂಥವು. ತಡವಾಗಿ ಬಂದದ್ದಕ್ಕೆ ನಿಮ್ಮ ಅಣ್ಣನ ಬಳಿ ಸರಿಯಾದ ಕಾರಣವೇ ಇದ್ದರೂ, ಮನೆಯವರ ಸುಳ್ಳು ಬಯಲಾದ ಬಳಿಕ ಅದನ್ನು ಯಾರೂ ನಂಬುವುದಿಲ್ಲ. ತನ್ನನ್ನೇ ಸಿಕ್ಕಿಸಿಕೊಳ್ಳುವ ಪ್ರಶ್ನೆಗೆ ಉತ್ತರಿಸದಿರುವ ಹಕ್ಕು ಅಣ್ಣನಿಗಿದೆ; ಅಣ್ಣನನ್ನು ಉಳಿಸಲೆಂದು ಸುಳ್ಳು ಹೇಳುವ ಹಕ್ಕು ನಿಮಗ್ಯಾರಿಗೂ ಇಲ್ಲ. ಕಂಡದ್ದನ್ನು ಹೇಳಿ, ಕಾಣದ್ದನ್ನು ಗೊತ್ತಿಲ್ಲ ಎನ್ನಿ.

ತಾಯಿಯವರನ್ನು ಠಾಣೆಗೆ ಕರೆದೊಯ್ಯುವ ಅಗತ್ಯವಿಲ್ಲ. ಸಾಕ್ಷಿಯಾಗಿ ವಿಚಾರಿಸುವುದಾದರೆ ಮಹಿಳೆಯರನ್ನೂ 60 ದಾಟಿದ ಗಂಡಸರನ್ನೂ ಅವರು ವಾಸವಿರುವಲ್ಲಿಯೇ ವಿಚಾರಿಸಬೇಕೆಂದು ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಹೇಳುತ್ತದೆ. ಹಾಗೆ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಾಗಿಯೂ ಇಲ್ಲ.

ಅತ್ತಿಗೆಯವರನ್ನು ದಯವಿಟ್ಟು ಕಾಡಬೇಡಿ. ನಮ್ಮವನು ಅಂಥವನಲ್ಲ ಎಂದು ನಂಬಿಕೊಳ್ಳಲು ಮನೆಯವರಿಗೆ ಬೇರೊಬ್ಬ ತಪ್ಪಿತಸ್ಥರು ಬೇಕಾಗುತ್ತದೆ, ಹೊರಗಿನಿಂದ ಬಂದ ಸೊಸೆ ಸುಲಭವಾಗಿ ಕೈಗೆ ಸಿಗುತ್ತಾಳೆ. ಗಂಡ ತನ್ನೊಡನೆ ಆಡಿದ ಮಾತನ್ನು ನ್ಯಾಯಾಲಯದಲ್ಲಿ ಹೇಳುವಂತೆ ಆಕೆಯನ್ನು ಒತ್ತಾಯಿಸಲಾಗದು. ಕಣ್ಣಾರೆ ಕಂಡದ್ದಕ್ಕೆ ಆ ರಕ್ಷಣೆ ಇಲ್ಲ. ಆಕೆಗೆ ಪ್ರತ್ಯೇಕವಾಗಿ ವಕೀಲರೊಡನೆ ಮಾತನಾಡಲು ಅವಕಾಶ ಮಾಡಿಕೊಡಿ.

ಸತ್ತವರ ಮನೆಯೂ ನಿಮ್ಮ ಬೇಲಿಯಾಚೆಗೇ ಇದೆ. ಅವರಲ್ಲಿಗೆ ದುಡ್ಡಿನ ಮಾತು, ರಾಜಿಯ ಮಾತು ಹೊತ್ತು ಯಾರನ್ನೂ ಕಳಿಸಬೇಡಿ. ಕೊಲೆ ಪ್ರಕರಣವನ್ನು ರಾಜಿಯಲ್ಲಿ ಮುಗಿಸಲು ಬರುವುದಿಲ್ಲ, ಜೊತೆಗೆ ಸಾಕ್ಷಿಗಳನ್ನು ಒಲಿಸಿಕೊಳ್ಳಲು ಹೋದರೆಂಬ ಆರೋಪ ಮುಂದೆ ಜಾಮೀನಿಗೇ ಕುತ್ತು ತರುತ್ತದೆ.

ಪ್ರಶ್ನೆ: ಕೊಲೆ ಪ್ರಕರಣದಲ್ಲಿ ಮಗ ಜೈಲಿನಲ್ಲಿದ್ದಾನೆ. ನಮ್ಮ ಕಡೆಯ ವಕೀಲರು ಯಾರೂ ಅವನ ಪರ ನಿಲ್ಲುವುದಿಲ್ಲ ಎನ್ನುತ್ತಿದ್ದಾರೆ. ನನ್ನಲ್ಲಿ ಹಣವೂ ಇಲ್ಲ.
– ಒಬ್ಬ ತಂದೆ, ಅರಕಲಗೂಡು

ಉತ್ತರ: ಇಂಥವರ ಪರ ವಾದಿಸಬಾರದೆಂದು ವಕೀಲರ ಸಂಘಗಳು ಮಾಡುವ ನಿರ್ಣಯ ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಕಸ್ಟಡಿಯಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಹಾಸನದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ. ನ್ಯಾಯಾಲಯ ಬಂಧನಕ್ಕೆ ಒಪ್ಪಿಸಿದ ದಿನದಿಂದ 90 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಕೇಳುವ ಹಕ್ಕು ಮಗನಿಗೆ ಬರುತ್ತದೆ; ಪಟ್ಟಿ ಸಲ್ಲಿಕೆಯಾಗುವ ಮೊದಲೇ ಅರ್ಜಿ ಹಾಕಬೇಕಾದ್ದರಿಂದ ಆ ತಾರೀಕನ್ನು ಬರೆದಿಟ್ಟುಕೊಂಡು, ವಕೀಲರು ನೇಮಕವಾದ ಕೂಡಲೇ ಅವರಿಗೆ ತಿಳಿಸಿ.